ಅಪ್‌ಡೇಟ್: ಬೇಸಿಗೆ ಶಿಬಿರದಲ್ಲಿ ಶಬ್ದಮಾಲಿನ್ಯದ ಪಾಠ

ಹದಿಮೂರರ ಆಸುಪಾಸಿನ ಮಕ್ಕಳಿಗೆ ಶಬ್ದಮಾಲಿನ್ಯವನ್ನು ಕಲಿಸಲು ಶಬ್ದ ಅಳೆಯುವ ಮೊಬೈಲ್ ಆ್ಯಪ್ ಸಾಕೇ ಎಂದು ಇಲ್ಲಿ ಕೇಳಿದ್ದೆ. ನಿಮ್ಮ ಸಲಹೆಯಂತೆ ಅವರನ್ನು ಬೆಂಗಳೂರಿನ ಮಲ್ಲೇಶ್ವರದ ಬೀದಿಗಳಿಗೇ ಕರೆದೊಯ್ದೆ. ಒಂದೊಂದು ಮೊಬೈಲ್ ಒಂದೊಂದು ಅಂಕಿ ತೋರಿಸಿತು. ಕೊನೆಗೆ ಎಲ್ಲ ಕಡೆಯೂ ಒಂದನ್ನೇ ಬಳಸಿದೆವು. ಒಳರಸ್ತೆಯಲ್ಲಿ 54 ಡೆಸಿಬಲ್ (ಶಬ್ದದ ಮಟ್ಟ ಅಳೆಯುವ ಮಾನ), ಸಂಪಿಗೆ ರಸ್ತೆಯಲ್ಲಿ 82. ವಸತಿ ಪ್ರದೇಶಕ್ಕೆ ಕೇಂದ್ರ ಸರ್ಕಾರದ 2000ರ ಶಬ್ದಮಾಲಿನ್ಯ ನಿಯಮಗಳು ಹಾಕಿದ ಮಿತಿ ಹಗಲು 55, ರಾತ್ರಿ 45. ಹತ್ತು ಡೆಸಿಬಲ್ ಏರಿದರೆ ಶಬ್ದದ ತೀವ್ರತೆ ಹತ್ತು ಪಟ್ಟಾಗುತ್ತದೆ ಎಂದಾಗ ಮಕ್ಕಳು ಮುಖ ಮುಖ ನೋಡಿಕೊಂಡರು.

ಆಸ್ಪತ್ರೆಯೊಂದರ ಗೇಟಿನ ಮುಂದೆ ಹಾರ್ನ್ ಎಣಿಸಿದೆವು. ಐದು ನಿಮಿಷಕ್ಕೆ ನೋಟುಪುಸ್ತಕದಲ್ಲಿ 63 ಗೆರೆಗಳು. ಆಸ್ಪತ್ರೆಯ ಸುತ್ತಲಿನ ನೂರು ಮೀಟರನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು ಎಂದು ವಿವರಿಸಿದೆ. ಗೆರೆ ಎಳೆಯುತ್ತಿದ್ದ ಹುಡುಗಿ ಪೆನ್ಸಿಲ್ ನಿಲ್ಲಿಸಿ, “ಒಳಗೆ ಮಲಗಿರುವವರು ಎಲ್ಲಿಗೆ ಹೋಗಬೇಕು, ಮೇಡಂ?” ಎಂದಳು. ಅದನ್ನೇ ಮೊದಲ ಸಾಲಾಗಿಸಿ ಮಕ್ಕಳು ಸಂಚಾರ ಠಾಣೆಗೆ ಪತ್ರ ಬರೆಯುತ್ತಿದ್ದಾರೆ.