ಗುಂಪಾಗಿ ಟೆಕ್ ಡೈವಿಂಗ್ ತರಬೇತಿಗೆ ಹೋಗಿ ಬಂದವರು ಅನುಭವ ಹೇಳಿ

ಹುಬ್ಬಳ್ಳಿ, ವಿದ್ಯಾನಗರ (ಕೇಳಿದವರು)
ನಾವು ಆರು ಜನ ಗೆಳೆಯರು. ಎಲ್ಲರದೂ ಸ್ಕೂಬಾ ಡೈವಿಂಗಿನ ಅಡ್ವಾನ್ಸ್ಡ್ ಕೋರ್ಸ್ ಮುಗಿದಿದೆ, ನಾಲ್ವರದು ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಗಾಳಿ ಬಳಸೋದು) ಕೂಡ ಆಗಿದೆ. ಟೆಕ್ ಡೈವಿಂಗ್ ಅಂದರೆ ಮಾಮೂಲಿ ಸ್ಕೂಬಾ ಮಿತಿ ದಾಟಿದ ಡೈವಿಂಗ್; ಅದಕ್ಕಾಗಿ ಫೆಬ್ರವರಿಯಲ್ಲಿ ಒಟ್ಟಿಗೆ ಹೋಗಿ ಟ್ವಿನ್‌ಸೆಟ್ (ಬೆನ್ನ ಮೇಲೆ ಜೋಡಿ ಸಿಲಿಂಡರ್) ಕಲಿಯುವ ಆಸೆ. ಅಂಡಮಾನಿಗೆ ಹೋಗೋದಾ, ಮುರುಡೇಶ್ವರದಲ್ಲೇ ಕೈ ಪಳಗಿಸೋದಾ?

ಧಾರವಾಡ, ಸಪ್ತಾಪುರ
ಕಳೆದ ವರ್ಷ ನಾವು ಐದು ಜನ ಅಂಡಮಾನಿನ ಹ್ಯಾವ್‌ಲಾಕಿಗೆ ಹೋಗಿದ್ದೆವು. ನನ್ನ ಲೆಕ್ಕ ಇನ್ನೂ ಡೈರಿಯಲ್ಲಿದೆ. ತರಬೇತಿ 42,000, ವಿಮಾನ 23,600, ಫೆರ್ರಿ 3,400, ರೂಮು ಊಟ 14,000, ಲಗೇಜ್ ತೂಕ ಜಾಸ್ತಿ ಆಯ್ತು ಅಂತ 5,850. ಇಷ್ಟು ಕೊಟ್ಟು ನಾನು ಮಾಡಿದ್ದು ಮೂರೇ ಡೈವ್. ಹೊರಡುವ ಮುಂಚೆ ನೆಗಡಿ ಆಗಿತ್ತು, ಯಾರಿಗೂ ಹೇಳಲಿಲ್ಲ. ಎರಡನೇ ದಿನ ನಾಲ್ಕು ಮೀಟರ್ ಇಳಿಯುವಷ್ಟರಲ್ಲಿ ಎಡಗಿವಿಯ ಒತ್ತಡ ಬಿಡಲೇ ಇಲ್ಲ. ಮೇಲೆ ಬಂದೆ, ಮತ್ತೆ ಇಳಿದೆ, ಮತ್ತೆ ಬಂದೆ. ಮಾಸ್ಕ್ ತೆಗೆದರೆ ಒಳಗೆ ರಕ್ತ. ಉಳಿದ ದಿನವೆಲ್ಲ ದೋಣಿಯಲ್ಲಿ ಕೂತು ಗೆಳತಿಯರ ಗುಳ್ಳೆ ನೋಡುತ್ತಿದ್ದೆ. ಒಂದು ರೂಪಾಯಿ ವಾಪಸ್ ಬರಲಿಲ್ಲ. ಆದರೆ ದಿನಾ ಸಂಜೆ ನಾಲ್ವರೂ ನನ್ನ ಮಂಚದ ಮೇಲೆ ಕೂತು, ಅವತ್ತು ಯಾರು ಎಲ್ಲಿ ತಪ್ಪಿದರು ಅಂತ ಒಂದೂ ಬಿಡದೆ ಹೇಳುತ್ತಿದ್ದರು. ಅದನ್ನು ಮರೆಯಲಾರೆ.

ಗದಗ, ಬೆಟಗೇರಿ
ಅಕ್ಕಾರ, ನೆಗಡಿ ಇಟ್ಟುಕೊಂಡು ಇಳಿದರೆ ಯಾವ ಸಮುದ್ರವಾದರೂ ಅಷ್ಟೇ. ನಾನು ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲೇ ಕಲಿತೆ. ಮೊದಲನೇ ಸಲ ಫೇಲ್. ಬೆನ್ನ ಮೇಲೆ 30 ಕಿಲೋಗೂ ಜಾಸ್ತಿ ಭಾರ, ಬಲಗೈ ಹಿಂದೆ ಹಾಕಿದರೆ ಸಿಲಿಂಡರಿನ ವಾಲ್ವ್ ಬೆರಳ ತುದಿಗೆ ತಾಗುತ್ತದೆ, ತಿರುಗಿಸಲು ಆಗುವುದಿಲ್ಲ. ಐಸೋಲೇಟರ್ (ಎರಡು ಸಿಲಿಂಡರ್ ನಡುವಿನ ವಾಲ್ವ್) ಹುಡುಕುವಷ್ಟರಲ್ಲಿ ಎರಡು ಮೀಟರ್ ಮೇಲೆ ತೇಲಿ ಹೋಗಿದ್ದೆ. ಮನೆಗೆ ಬಂದು ಮೂರು ವಾರ ದಿನಾ ಬೆಳಗ್ಗೆ ಗೋಡೆಗೆ ಎದೆ ಒತ್ತಿ ನಿಂತು ಭುಜ ಸಡಿಲ ಮಾಡಿಕೊಂಡೆ. ಎರಡನೇ ಸಲ ಪಾಸ್! ದೋಣಿ, ಸಿಲಿಂಡರ್, ಫೀಸು ಎರಡೂ ಸಲ ಸೇರಿ 51,000. ಎರಡು ದಿನ ಡೈವ್ ಮಾಡಿ, ಮಧ್ಯಾಹ್ನ ಎರಡಕ್ಕೆ ದಡ ಸೇರಿ, ರಾತ್ರಿ ಒಂಬತ್ತಕ್ಕೆ ಹುಬ್ಬಳ್ಳಿಯಲ್ಲಿ ಊಟ ಮಾಡಿದೆವು. ಅಂಡಮಾನ್ ಯಾಕೆ ಬೇಕು?

ಹಾವೇರಿ
ಡೈವ್ ಮುಗಿಸಿ ಅವತ್ತೇ ಹುಬ್ಬಳ್ಳಿಗೆ ಹೋಗುವ ಈ ಮಾತನ್ನು ದಯವಿಟ್ಟು ಯಾರೂ ಕೇಳಬೇಡಿ. ಡೈವ್ ಆದ ಮೇಲೆ ಬೇಗ ಎತ್ತರಕ್ಕೆ ಏರಿದರೆ ಮೈಯಲ್ಲಿ ಉಳಿದ ನೈಟ್ರೋಜನ್ ಗುಳ್ಳೆ ಕಟ್ಟಬಹುದು. ಹುಬ್ಬಳ್ಳಿ ಸಮುದ್ರಮಟ್ಟಕ್ಕಿಂತ 600 ಮೀಟರಿಗೂ ಮೇಲಿದೆ. ಅರಬೈಲ್ ಘಟ್ಟದ ದಾರಿಯಾದರೂ ದೇವಿಮನೆ ಘಟ್ಟದ ದಾರಿಯಾದರೂ ಹತ್ತಲೇಬೇಕು. ವಿಮಾನಕ್ಕಾದರೆ 18 ತಾಸು ಕಾಯುತ್ತೀರಿ, ಕಾರಿಗೆ ಯಾಕಿಲ್ಲ? ನನ್ನ ಜೊತೆಗಾರನಿಗೆ ಶಿರಸಿ ದಾಟುವಷ್ಟರಲ್ಲಿ ಮೊಣಕೈ ನೋವು, ಬೆರಳು ಜೋಮು. ಸಿಲಿಂಡರ್ ಎತ್ತಿದ್ದಕ್ಕೆ ಇರಬೇಕು ಅಂದುಕೊಂಡೆವು. ಊರಿನ ಡಾಕ್ಟರು ನೋವಿನ ಮುಲಾಮು ಕೊಟ್ಟರು. ಇದಕ್ಕೆ ಒತ್ತಡ ಹೆಚ್ಚಿಸಿ ಚಿಕಿತ್ಸೆ ಕೊಡುವ ಚೇಂಬರ್ ಸಿಗುವಷ್ಟರಲ್ಲಿ ಎರಡು ದಿನ ಹೋಯಿತು. 1,12,000 ಖರ್ಚು, ಡೈವಿಂಗ್ ಇನ್ಶೂರೆನ್ಸ್ ಇರಲಿಲ್ಲ. ಅವನಿಗೆ ಇವತ್ತಿಗೂ ಉಂಗುರದ ಬೆರಳಿನಲ್ಲಿ ಸ್ಪರ್ಶ ಕಡಿಮೆ. ಗಾಡಿ ಓಡಿಸುತ್ತಿದ್ದವನು ನಾನು.

ಗದಗ, ಬೆಟಗೇರಿ
ಸರ್, ಹೆದರಿಸಬೇಡಿ. ನಾವು ಇಳಿದದ್ದು 12 ಮೀಟರ್, ಒಂದೇ ಡೈವ್.

ಹಾವೇರಿ
ಮೇಲೆ ನೀವೇ ಎರಡು ದಿನ ಅಂದಿದ್ದೀರಿ. ನಿಮ್ಮ ಕೈಯ ಡೈವ್ ಕಂಪ್ಯೂಟರಿನಲ್ಲಿ ಇನ್ನೂ ವಿಮಾನ ಹತ್ತಬೇಡಿ ಅನ್ನುವ ಗುರುತು ಹೋಗಿತ್ತಾ? ಅದನ್ನು ಹೇಳಿ.

ಗದಗ, ಬೆಟಗೇರಿ
ಕೊನೆಯ ದಿನದ್ದು ಹೇಳಿದೆ. ಗುರುತು ನೋಡಲಿಲ್ಲ.

ಹುಬ್ಬಳ್ಳಿ, ಕೇಶ್ವಾಪುರ
ನಿಮ್ಮ ಜಗಳ ಇರಲಿ, ದುಡ್ಡಿನ ಮಾತು ಮೊದಲೇ ಮುಗಿಸಿಕೊಳ್ಳಿ. ನಮ್ಮಲ್ಲಿ ಒಬ್ಬರು ಹೊರಡುವ ಹಿಂದಿನ ರಾತ್ರಿ ಕಿವಿ ನೋವು ಅಂತ ಕೈ ಎತ್ತಿದರು. ಬೋಟು ಇಡೀ ಬಾಡಿಗೆಗೆ ಹಿಡಿದಿದ್ದೆವು. ಅವರ ಪಾಲು 9,500 ನಾನು ಕಟ್ಟಿದೆ. ಎಂಟು ತಿಂಗಳಾಯಿತು, ಕೇಳಿದರೆ ನೀರಿಗೇ ಇಳಿದಿಲ್ಲ ಅನ್ನುತ್ತಾರೆ. ಹದಿನೈದು ವರ್ಷದ ಸ್ನೇಹ.

ಧಾರವಾಡ, ಸಪ್ತಾಪುರ
ಕಿವಿ ನೋವು ಅಂತ ಮೊದಲೇ ಹೇಳಿದರಲ್ಲ, ಅವರನ್ನು ಬೈಯಬೇಡಿ. ಹೀಗೆ ಲೆಕ್ಕ ಹಿಡಿಯುತ್ತಾರೆ ಅಂತಲೇ ನಾನು ನೆಗಡಿ ಮುಚ್ಚಿಟ್ಟಿದ್ದು.

ಹುಬ್ಬಳ್ಳಿ, ಕೇಶ್ವಾಪುರ
ಅಕ್ಕಾರ, ಬೈದಿಲ್ಲ. ಅರ್ಧ ಕೊಡಲಿ ಅಂದೆ ಅಷ್ಟೇ.

ಧಾರವಾಡ, ಸಪ್ತಾಪುರ
ಅರ್ಧ ಅಂತ ಅವರಿಗೆ ಹೇಳಿದ್ದೀರಾ?