ಮಡಿಚುವ ಚಾಕುವಿನ ಅಂಟಿದ ಸ್ಕ್ರೂಗಳನ್ನು ಬಿಸಿಯಿಂದ ಸಡಿಲಿಸುವುದು ಹೇಗೆ?

ಪ್ರಶ್ನೆ

ತೋಟದಲ್ಲಿ ಬಳಸುವ ನನ್ನ ಮಡಿಚುವ ಚಾಕುವಿನೊಳಗೆ ಮಾವಿನ ಸೊನೆಯೂ ಧೂಳೂ ಸೇರಿ ಅಲಗು ಬಹಳ ಬಿಗಿಯಾಗಿದೆ. ಬಿಚ್ಚಿ ತೊಳೆಯೋಣವೆಂದರೆ ಅಲಗಿನ ಬುಡದ ಸ್ಕ್ರೂ ಕದಲುತ್ತಿಲ್ಲ. ತಯಾರಿಸುವಾಗಲೇ ಸ್ಕ್ರೂವಿನ ಎಳೆಗಳಿಗೆ (ಸುರುಳಿ ಗೆರೆಗಳಿಗೆ) ಅಂಟು ಹಚ್ಚಿರುತ್ತಾರೆಂದೂ ಬಿಸಿ ಕೊಟ್ಟರೆ ಅದು ಬಿಡುತ್ತದೆಂದೂ ಕೇಳಿದ್ದೇನೆ. ಹಾಗೆ ಮಾಡಿದರೆ ಅಲಗಿನ ಹದ, ಅಂದರೆ ಉಕ್ಕಿಗೆ ಕಾಯಿಸಿ ಕೊಟ್ಟ ಗಟ್ಟಿತನ, ಕೆಡುವುದಿಲ್ಲವೇ? ಹಿಡಿ ನೈಲಾನಿನದು. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವರೊಬ್ಬರ ಉತ್ತರ

ನೀವು ಕೇಳಿದ್ದು ನಿಜ. ಲಾಕ್ಟೈಟ್‌ನಂಥ ಈ ಅಂಟು, ಗಾಳಿ ಸಿಗದ ಕಡೆ ಲೋಹದ ಸಂಪರ್ಕದಿಂದ ಗಟ್ಟಿಯಾಗುತ್ತದೆ. ಆದ್ದರಿಂದಲೇ ಬಾಟಲಿಯಲ್ಲಿ ದ್ರವವಾಗಿದ್ದದ್ದು ಎಳೆಗಳ ನಡುವೆ ಸೇರಿದ ಮೇಲೆ ಕಲ್ಲಾಗುತ್ತದೆ. ಮಧ್ಯಮ ಹಿಡಿತದ ನೀಲಿ ಬಗೆಯದನ್ನು ಸಾಮಾನ್ಯ ಉಪಕರಣಗಳಿಂದಲೇ ಬಿಚ್ಚಬಹುದೆಂದು ಹೇಳುವುದು ದೊಡ್ಡ ಬೋಲ್ಟುಗಳಿಗೆ ಒಪ್ಪುವ ಮಾತು. ಚಾಕುವಿನ ಸ್ಕ್ರೂಗಳ ತಲೆ ಎಷ್ಟು ಚಿಕ್ಕದೆಂದರೆ, ಅಂಟು ಬಿಡುವ ಮೊದಲೇ ತಲೆಯ ಗುಳಿ ಸವೆದುಹೋಗುತ್ತದೆ. ಸಾಮಾನ್ಯ ನೀಲಿ ಅಂಟು ಸುಮಾರು 150 ಡಿಗ್ರಿ ಸೆಲ್ಸಿಯಸ್ ದಾಟಿದಂತೆ ಹಿಡಿತ ಕಳೆದುಕೊಳ್ಳುತ್ತದೆ. ಇನ್ನೂ ಬಲವಾಗಿ ಹಿಡಿಯುವ ಕೆಂಪು ಅಂಟಿಗೆ 250 ಡಿಗ್ರಿಯ ಆಸುಪಾಸು ಬೇಕು.

ಬಿಸಿ ಸ್ಕ್ರೂವಿಗೆ ಬೇಕು, ಚಾಕುವಿಗೆ ಬೇಡ. ಹೀಗಾಗಿ ಲೈಟರ್ ಮತ್ತು ಹೀಟ್ ಗನ್ ಎರಡನ್ನೂ ನಾನು ಬೇಡವೆನ್ನುತ್ತೇನೆ. ನಿಮ್ಮ ನೈಲಾನ್ ಹಿಡಿಗಂತೂ ಅವು ಅಪಾಯಕಾರಿ. ಎಲೆಕ್ಟ್ರಾನಿಕ್ಸ್ ದುರಸ್ತಿಯವರು ಬಳಸುವ ಸೋಲ್ಡರಿಂಗ್ ಐರನ್ ಸಾಕು. ಮೊದಲು ಅಲಗನ್ನು ಮಡಿಚಿ ಟೇಪ್ ಸುತ್ತಿ, ಸ್ಕ್ರೂ ತಲೆಯ ನಕ್ಷತ್ರಾಕಾರದ ಗುಳಿಯಲ್ಲಿ ಕೂತ ಕೊಳೆಯನ್ನು ಸೂಜಿಯಿಂದ ಪೂರ್ತಿ ತೆಗೆಯಿರಿ. ಗುಳಿಯ ತಳದಲ್ಲಿ ಕೊಳೆ ಉಳಿದರೆ ಬಿಟ್ (ಸ್ಕ್ರೂಡ್ರೈವರಿನ ತುದಿ) ಮೇಲ್ಮೇಲೆ ಕೂತು ಅಂಚನ್ನು ಕಿತ್ತುಹಾಕುತ್ತದೆ. ಸ್ಕ್ರೂ ಕೆಡುವುದು ಹೆಚ್ಚಾಗಿ ಹೀಗೆಯೇ. ಈ ಗುಳಿಗೆ ಹೊಂದುವ, ಟಾರ್ಕ್ಸ್ ಎಂಬ ನಕ್ಷತ್ರಾಕಾರದ ಬಿಟ್‌ಗಳಲ್ಲಿ ಟಿ6, ಟಿ8, ಟಿ10 ಅಳತೆಗಳೇ ಇಂಥ ಚಾಕುಗಳಲ್ಲಿ ಹೆಚ್ಚಾಗಿ ಕಾಣುವಂಥವು. ಗುಳಿಯಲ್ಲಿ ಅಲ್ಲಾಡದೆ ಕೂರುವ, ಒಳ್ಳೆಯ ಉಕ್ಕಿನ ಬಿಟ್ಟನ್ನೇ ಆರಿಸಿಕೊಳ್ಳಿ.

ಬಳಿಕ ಕಾದ ಐರನ್ನಿನ ತುದಿಯನ್ನು ಗುಳಿಯೊಳಗೆ ಒತ್ತಿ ಒಂದು ನಿಮಿಷದಷ್ಟು ಹಿಡಿದು, ತೆಗೆದ ಕೂಡಲೇ ಬಿಟ್ ಇಟ್ಟು, ಮೇಲಿನಿಂದ ಬಲವಾಗಿ ಒತ್ತುತ್ತಾ ನಿಧಾನವಾಗಿ ತಿರುಗಿಸಿ. ಆರಲು ಬಿಟ್ಟರೆ ಅಂಟು ಮತ್ತೆ ಹಿಡಿಯುತ್ತದೆ. ಕದಲದಿದ್ದರೆ ಬಲ ಹೆಚ್ಚಿಸಬೇಡಿ, ಮತ್ತೆ ಬಿಸಿ ಮಾಡಿ. ಅಂಟು ಸೋತಾಗ ಸ್ಕ್ರೂ ಒಮ್ಮೆಗೇ ಸಡಿಲವಾಗದೆ, ಏರುಪಾಕದ ಬೆಲ್ಲದಲ್ಲಿ ಸೌಟು ತಿರುಗಿಸಿದಂತೆ ಎಳೆದೆಳೆದು ಬರುತ್ತದೆ. ಆ ಹಿಡಿತ ಕೈಗೆ ತಿಳಿದರೆ ಕೆಲಸ ಆದಂತೆಯೇ. ಹೊಗೆ ಕಂಡರೆ ಉಸಿರಿಗೆ ಎಳೆದುಕೊಳ್ಳಬೇಡಿ, ಕಿಟಕಿ ತೆರೆದಿರಲಿ.

ಅಲಗುಗಳಿಗೆ ಹದ ಹಾಕುವವರೊಬ್ಬರ ಉತ್ತರ

ಹದದ ಬಗ್ಗೆ ನಿಮ್ಮ ಆತಂಕ ಅನಗತ್ಯವಲ್ಲ. ಗಟ್ಟಿ ಮಾಡಿದ ಅಲಗನ್ನು ಸಾಮಾನ್ಯವಾಗಿ 150ರಿಂದ 250 ಡಿಗ್ರಿಯೊಳಗೆ ಮತ್ತೆ ಕಾಯಿಸಿ ಹದಕ್ಕೆ ತರುತ್ತಾರೆ. ಆ ಮಿತಿಯನ್ನು ಮೀರಿ ಕಾದರೆ ಉಕ್ಕು ಮೆತ್ತಗಾಗಿ ಮೊನೆ ಬೇಗ ಹೋಗುತ್ತದೆ. ಜ್ವಾಲೆಗೆ ಹಿಡಿದರೆ ತೆಳುವಾದ ಅಂಚು ಎಲ್ಲಕ್ಕಿಂತ ಮೊದಲು ಕಾಯುತ್ತದೆ. ಸೋಲ್ಡರಿಂಗ್ ಐರನ್ನಿನ ಬಿಸಿಯಾದರೋ ಬುಡದಲ್ಲೇ ಬಹುಪಾಲು ಉಳಿಯುತ್ತದೆ. ಅಲಗಿನ ಬೆನ್ನನ್ನು ಆಗಾಗ ಬೆರಳಿನಿಂದ ಮುಟ್ಟಿ ನೋಡಿ. ಬೆರಳು ಇಡಲು ಆಗುವವರೆಗೆ ಹದಕ್ಕೆ ಏನೂ ಆಗದು.

ಹೆಚ್ಚು ಜಾಗ್ರತೆ ಬೇಕಾದದ್ದು ಹಿಡಿಗೆ. ನೈಲಾನ್ ಕರಗುವುದು 220ರಿಂದ 260 ಡಿಗ್ರಿಯಲ್ಲಾದರೂ ಅದಕ್ಕೆ ಬಹಳ ಮೊದಲೇ ಮೆತ್ತಗಾಗುತ್ತದೆ. ಐರನ್ನಿನ ತುದಿ ಗುಳಿಯಿಂದ ಜಾರದಿರಲಿ. ಸ್ಕ್ರೂವಿನ ಸುತ್ತ ಒದ್ದೆ ಬಟ್ಟೆ ಒತ್ತಿ, ಒಂದೇ ಸಮನೆ ಕಾಯಿಸುವ ಬದಲು ಬಿಟ್ಟು ಬಿಟ್ಟು ಕಾಯಿಸಿ. ಅಲಗಿನ ಬುಡದಲ್ಲಿ ಟೆಫ್ಲಾನ್ ವಾಷರ್ ಅಥವಾ ಗುಂಡುಗಳನ್ನು ಪ್ಲಾಸ್ಟಿಕ್ ಗೂಡಿನಲ್ಲಿ ಕೂರಿಸಿದ ಬೇರಿಂಗ್ ಇರಬಹುದಾದ್ದರಿಂದ ಅಲ್ಲಿ ಇನ್ನೂ ನಿಧಾನ ಬೇಕು.

ಇನ್ನೊಬ್ಬರ ಅನುಭವ

ಮೇಲಿನವರು ಹೇಳದ ಒಂದು ಸಂಗತಿಯಿದೆ. ಬುಡದ ಸ್ಕ್ರೂ ತಿರುಗುತ್ತಲೇ ಇದ್ದು ಹೊರಗೆ ಬರದಿದ್ದರೆ, ಆಚೆ ಬದಿಯ ಭಾಗವೂ ಜೊತೆಗೇ ತಿರುಗುತ್ತಿದೆ ಎಂದು ತಿಳಿಯಿರಿ. ಆಚೆಗೂ ಗುಳಿ ಇದ್ದರೆ ಅದಕ್ಕೊಂದು ಬಿಟ್ ಇಟ್ಟು, ಅದು ತಿರುಗದಂತೆ ಹಿಡಿದು ಈಚೆಯದನ್ನು ತಿರುಗಿಸಬೇಕು. ಕೆಲವು ಚಾಕುಗಳಲ್ಲಿ ಆ ಭಾಗದ ಒಂದು ಮಗ್ಗುಲು ಚಪ್ಪಟೆಯಾಗಿದ್ದು ಹಿಡಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಅದನ್ನು ಒತ್ತಾಯದಿಂದ ತಿರುಗಿಸಿದರೆ ಹಿಡಿಯ ರಂಧ್ರ ದೊಡ್ಡದಾಗುತ್ತದೆ.

ಬಿಚ್ಚಿದ ಮೇಲೆ ಎಳೆಗಳಲ್ಲಿ ಪುಡಿಯಾಗಿ ಕೂತ ಹಳೆಯ ಅಂಟನ್ನು ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಮರುಜೋಡಣೆಗೆ ಬುಡದ ಸ್ಕ್ರೂವಿನ ತುದಿಗೆ ಸೂಜಿಮೊನೆಯಷ್ಟು ನೀಲಿ ಅಂಟು ಸಾಕು. ಅದು ವಾಷರ್ ಕಡೆಗೆ ಹರಿದರೆ ಅಲಗೇ ಅಂಟಿಕೊಳ್ಳುತ್ತದೆ, ಆದ್ದರಿಂದ ಎಣ್ಣೆ ಹಾಕುವುದನ್ನೂ ಅಂಟು ಗಟ್ಟಿಯಾದ ಮರುದಿನಕ್ಕೆ ಇಟ್ಟುಕೊಳ್ಳಿ.