ಅಪ್‌ಡೇಟ್: ಮೊದಲು ಚಿತ್ರ, ಆಮೇಲೆ ಬರಹ

ಆರನೇ ಕ್ಲಾಸಿನ ಮಕ್ಕಳು ಯಾವ ಕಥೆ ಓದಿದರೂ ‘ಚೆನ್ನಾಗಿದೆ’ ಅಂತಷ್ಟೇ ಬರೆಯುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೆ. ಮೊದಲು ಚಿತ್ರ ಬಿಡಿಸಲಿ ಎಂದಿದ್ದಿರಿ. ಮಾಡಿಸಿದೆ.

ಕಡಲಿಗೆ ಹೋದ ಅಪ್ಪನಿಗೆ ಕಾಯುವ ಹುಡುಗಿಯ ಕಥೆ ಓದಿದೆವು. ಘಟನೆ ಬೇಡ, ನಿಮಗೆ ಅನ್ನಿಸಿದ್ದನ್ನು ಬಿಡಿಸಿ ಎಂದೆ. ಅಲ್ಲಿಯವರೆಗೆ ಒಂದು ಸಾಲೂ ಬರೆಯದ ಮಲ್ಪೆಯ ಹುಡುಗ, ದಕ್ಕೆಯಲ್ಲಿ (ಬೋಟು ನಿಲ್ಲುವ ಕಟ್ಟೆ) ಕಟ್ಟಿ ನಿಲ್ಲಿಸಿದ ಬೋಟು ಬಿಡಿಸಿದ. ಕೆಳಗೆ, ‘ಮಳೆಗಾಲದಲ್ಲಿ ಅಪ್ಪ ಮನೆಯಲ್ಲೇ ಇರ್ತಾರೆ. ನನಗೆ ಅದೇ ಇಷ್ಟ.’ ಜೂನ್, ಜುಲೈ 61 ದಿನ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ ಅಲ್ವಾ! ನನ್ನ ಕಣ್ಣು ತುಂಬಿತು.

ಬಣ್ಣ ಕೊಟ್ಟ ದಿನ ಬರೆಯಲು ಸಮಯವೇ ಉಳಿಯಲಿಲ್ಲ. ಈಗ ಪೆನ್ಸಿಲ್ ಮಾತ್ರ, ಹತ್ತು ನಿಮಿಷ. ಚಿತ್ರದ ಅರ್ಥವನ್ನು ಮೊದಲು ಪಕ್ಕದವರು ಹೇಳಬೇಕು, ಬಿಡಿಸಿದವರು ಕೊನೆಗೆ. ಆ ಮಾತೇ ಆಮೇಲೆ ಬರಹವಾಗುತ್ತಿದೆ. ಸಲಹೆ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.